ಮನೆಯವರ ಕೈ

ಯಂತ್ರಕ್ಕೂ ಒಂದು ಟಿಕೆಟ್ಟು ತೆಗೆಸಲೇಬೇಕೆಂದು ಕಂಡಕ್ಟರ್ ಹಟ ಹಿಡಿದಾಗ ಭೀಮಶಾನಿಗೆ ಸಿಟ್ಟು ಬರಬೇಕಿತ್ತು, ಬದಲಿಗೆ ಖುಷಿಯಾಯಿತು. ಜಗಳಕ್ಕೆ ನಿಂತದ್ದು ಜೊತೆಗಿದ್ದ ಗೆಳೆಯ ಜಹೀರುದ್ದೀನ್. "ಸಾಮಾನ್ ಅದ ರೀ ಅದು, ಮನುಷ್ಯಾ ಅಲ್ಲ," ಎಂದು ಅವನು ಅಂದರೆ, "ಸಾಮಾನಿದ್ರ ಟಾಪಿನ ಮ್ಯಾಲ ಹಾಕ್ರಿ. ಸೀಟಿನ ಮ್ಯಾಲ ಕುಂತದ ಅಂದ್ರ ಮನುಷ್ಯಾನೇ," ಎಂದು ಕಂಡಕ್ಟರ್ ಟಿಕೆಟ್ಟು ಹರಿದೇಬಿಟ್ಟ. ಟಾಪಿನ ಮೇಲೆ ಹಾಕುವ ಮಾತೇ ಇರಲಿಲ್ಲ. ಗೋಣಿತಟ್ಟಿನಲ್ಲಿ ಸುತ್ತಿದ ಆ ತಗಡಿನ ಪೆಟ್ಟಿಗೆಯನ್ನು ಕಿಟಕಿಯ ಪಕ್ಕ ಕೂರಿಸಿ, ಬಿಸಿಲು ತಾಗದಂತೆ ತನ್ನ ಟವೆಲ್ಲು ಹೊದಿಸಿ, ಬಸ್ಸು ಕುಣಿದಾಗಲೆಲ್ಲ ಅದರ ಹೆಗಲಿಗೆ, ಅದಕ್ಕೆ ಹೆಗಲೆಂಬುದಿದ್ದರೆ, ಕೈ ಕೊಟ್ಟು ಹಿಡಿದು ಕೂತಿದ್ದ ಭೀಮಶಾ ಆ ಟಿಕೆಟ್ಟನ್ನು ಮಡಚಿ ತನ್ನದಕ್ಕಿಂತ ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡ. ಸರ್ಕಾರದ ಬಸ್ಸೇ ಇದನ್ನು ಮನುಷ್ಯ ಎಂದು ಒಪ್ಪಿಕೊಂಡಿದೆ, ಇನ್ನು ಉಳಿದವರು ಒಪ್ಪಿದರೆಷ್ಟು ಬಿಟ್ಟರೆಷ್ಟು. ನಗು ತಡೆಯಲಾಗದೆ ಮುಖ ತಿರುಗಿಸಿದ. ಕಲಬುರಗಿಯ ಕೊನೆಯ ಮನೆಗಳು ಹಿಂದೆ ಸರಿಯುತ್ತಿದ್ದವು. ಅವನು ನೋಡುತ್ತಿದ್ದದ್ದು ಮನೆಗಳನ್ನಲ್ಲ, ಗೋಡೆಗಳನ್ನು: ಇದು ಅಗಲ ಸಾಲದು, ಇದಕ್ಕೆ ಕಿಟಕಿ ಅಡ್ಡ, ಇದೋ, ಇದು ಗೋಡೆ ಎಂದರೆ ಗೋಡೆ, ಅಯ್ಯೋ, ಹೋಯಿತು.

ಒಂದು ವರ್ಷದಿಂದ ಅವನ ಕಣ್ಣಿಗೆ ಆದದ್ದೇ ಹೀಗೆ. ಶಹಾಬಜಾರಿನ ಓಣಿಯಲ್ಲಿ ಅವನ ಬಾಡಿಗೆ ಕೋಣೆ. ಬಾಗಿಲು ತೆಗೆದರೆ ಎದುರಿಗೇ ಮೂಗು ತಾಗುವಷ್ಟು ಹತ್ತಿರ ಒಂದು ಹಳೆಯ ಗೋಡೆ. ಮೊದಲು ಅದಕ್ಕೆ ಶಾಪ ಹಾಕುತ್ತಿದ್ದವನು ಈಗ ಹಲ್ಲುಜ್ಜುತ್ತ ಅದರ ಎದುರು ನಿಂತು, ಮೇಲಿನ ಮೂಲೆಗಳಿಗೆ ಮೋಟಾರು ಕೂರಿಸಿದರೆ ದಾರ ಎಷ್ಟು ಬೇಕಾದೀತು ಎಂದು ಲೆಕ್ಕ ಹಾಕುತ್ತಿದ್ದ. ಒಮ್ಮೆ ಓಣಿಯ ತುದಿಯಲ್ಲಿ ಎತ್ತರದ ಗೋಡೆಯೊಂದನ್ನು ಕತ್ತೆತ್ತಿ ನೋಡುತ್ತ ಮೈಮರೆತಾಗ, ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದ ಹೆಂಗಸು ತನ್ನನ್ನೇ ನೋಡುತ್ತಿದ್ದಾನೆಂದು ತಿಳಿದು, "ಮನ್ಯಾಗ ಅಕ್ಕತಂಗೇರಿಲ್ಲೇನು ನಿನಗ?" ಎಂದು ಓಣಿಗೆಲ್ಲ ಕೇಳುವಂತೆ ಬೈದಿದ್ದಳು. ಗೋಡೆ ನೋಡುತ್ತಿದ್ದೆ ಎಂದರೆ ಯಾರು ನಂಬುತ್ತಾರೆ? ಅಂದಿನಿಂದ ಓಣಿಯ ಆ ತುದಿ ಬಿಟ್ಟು ಸುತ್ತು ಬಳಸಿ ತನ್ನ ಕೆಲಸದ ಪಾಲಿಟೆಕ್ನಿಕ್ಕಿಗೆ ಹೋಗತೊಡಗಿದ. ಸುತ್ತು ದಾರಿಯಲ್ಲಿ ಇನ್ನೂ ಒಳ್ಳೆಯ ಗೋಡೆಗಳಿದ್ದವು. ನಾಚಿಕೆ ಬಿಟ್ಟು ಅಲ್ಲಿಯೂ ನಿಂತ.

ಯಂತ್ರ ಎಂದರೆ ಏನು ಮಹಾ ಎಂದು ಅವನೇ ಎಲ್ಲರಿಗೂ ಹೇಳುತ್ತಿದ್ದ, ಹೇಳುವಾಗ ಧ್ವನಿ ನಡುಗುತ್ತಿತ್ತು. ಗೋಡೆಯ ಮೇಲಿನ ಎರಡು ಮೂಲೆಗಳಲ್ಲಿ ಎರಡು ಮೋಟಾರು. ಅವುಗಳಿಂದ ಇಳಿದ ಎರಡು ದಾರಗಳಿಗೆ ಈ ಪೆಟ್ಟಿಗೆ ಜೇಡದ ಹಾಗೆ ನೇತಾಡುತ್ತದೆ. ಒಂದು ದಾರ ಎಳೆದು ಇನ್ನೊಂದು ಬಿಟ್ಟರೆ ಅದು ಗೋಡೆಯ ಮೇಲೆ ಬೇಕಾದಲ್ಲಿಗೆ ಹೋಗುತ್ತದೆ. ಹೊಟ್ಟೆಯಲ್ಲಿ ಕಪ್ಪು ಬಣ್ಣ, ಮೂತಿಯಲ್ಲಿ ಕುಂಚ. ಎಲ್ಲಿಗೆ ಹೋಗಬೇಕೆಂದು ಹೇಳುವ ಅಂಕಿಗಳೆಲ್ಲ ಒಂದು ಕಂಪ್ಯೂಟರ್ ಚಿಪ್ಪಿನೊಳಗೆ. ಬಾಬಾಸಾಹೇಬ ಅಂಬೇಡ್ಕರರ ಫೋಟೋ ಒಂದನ್ನು ಚೌಕಚೌಕವಾಗಿ ಭಾಗ ಮಾಡಿ, ಒಂದೊಂದು ಗೆರೆಯನ್ನೂ ಅಂಕಿಗೆ ಇಳಿಸಿ, ಲ್ಯಾಬಿನಲ್ಲಿ ಧೂಳು ತಿನ್ನುತ್ತಿದ್ದ ಮೈಕ್ರೋಪ್ರೊಸೆಸರ್ ಕಿಟ್ಟಿನ ಗುಂಡಿಗಳನ್ನು ಒತ್ತಿ ಒತ್ತಿ ಅವನು ಅದನ್ನು ತುಂಬಿದ್ದ. ಕನ್ನಡಕದ ಎರಡು ಗಾಜುಗಳಿಗೇ ಇಡೀ ದೀಪಾವಳಿ ರಜೆ ಹೋಗಿತ್ತು. ಮೋಮಿನಪುರದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ ಜಹೀರುದ್ದೀನ್ ಹೈದರಾಬಾದಿನ ಗುಜರಿಯಲ್ಲಿ ಹುಡುಕಾಡಿ, ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟಾರುಗಳನ್ನು ತಂದುಕೊಟ್ಟಿದ್ದ. ಪೆಟ್ಟಿಗೆಗೆ ಒಂದು ಕಣ್ಣೂ ಇತ್ತು, ಕಡಲೆಕಾಳಿನಷ್ಟು, ಬಿಳಿ ಯಾವುದು ಕಪ್ಪು ಯಾವುದು ಎಂದಷ್ಟೇ ತಿಳಿಯುವಂಥದ್ದು. ಮೊದಲು ಅದು ಗೋಡೆಯ ಬಲಗಡೆ ಕೆಳಗಿಳಿದು, ನೆಲದ ಗುಂಟ ಎಡಕ್ಕೆ ಸರಿಯುತ್ತ ಹೋಗಿ, ಎಡಮೂಲೆಯಲ್ಲಿ ಡಾಂಬರಿನಿಂದ ಬಳಿದ ಗುರುತನ್ನು ಹುಡುಕಬೇಕು. ಕಪ್ಪು ಕಂಡಿತೋ, ಕೆಂಪು ದೀಪ ಹತ್ತುತ್ತದೆ. ಇದು ನನ್ನ ಸೊನ್ನೆ, ಇಲ್ಲಿಂದ ನನ್ನ ಅಳತೆ ಎಂದು ಅರ್ಥ. ಆಮೇಲೆ ಮೇಲೇರಿ ಗೆರೆ ಎಳೆಯುತ್ತದೆ.

ಪಾಲಿಟೆಕ್ನಿಕ್ಕಿನ ಹಿಂದಿನ ಗೋಡೆಯ ಮೇಲೆ ಅದು ಮೊದಲ ಸಲ ಒಂದು ಮಾವಿನಕಾಯಿ ಬರೆದ ದಿನ ಜಹೀರುದ್ದೀನ್ ಅವನನ್ನು ಎತ್ತಿ ಗಿರ್ರನೆ ತಿರುಗಿಸಿದ್ದ. ಇಬ್ಬರೂ ಕೂಗಿದ ಕೂಗಿಗೆ ಕ್ಯಾಂಟೀನಿನವನು ಹೊಡೆದಾಟವೆಂದು ಓಡಿಬಂದಿದ್ದ. ಆ ಮಾವಿನಕಾಯಿಯ ತೊಟ್ಟು ಸ್ವಲ್ಪ ಡೊಂಕಾಗಿತ್ತು. ಆ ಡೊಂಕನ್ನು ನೆನೆದರೆ ಭೀಮಶಾನಿಗೆ ಈಗಲೂ ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ವಿಭಾಗದ ಮುಖ್ಯಸ್ಥ ಅಣವೀರಪ್ಪನವರು ಬಂದರು. ಅಣವೀರಪ್ಪನವರು ಒಳ್ಳೆಯ ಮನುಷ್ಯ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಅವರ ಮಾತನ್ನು ಅಲ್ಲೇ ಕೊಡವಿಕೊಂಡು ಬರಬಹುದಿತ್ತು. ಅವರು ಗೋಡೆಯ ಹತ್ತಿರ ಹೋಗಿ, ದೂರ ಬಂದು, ಮತ್ತೆ ಹತ್ತಿರ ಹೋಗಿ, ನಿಜವಾದ ಸಂತೋಷದಿಂದ ಹೇಳಿದರು: "ಏನ್ ಶುದ್ಧ ಕೆಲಸ ರೀ ಭೀಮಶಾ! ಗ್ವಾಡಿಗಿ ಒಬ್ಬರ ಕೈ ಸೈತ ಹತ್ತಿಲ್ಲ ನೋಡ್ರಿ. ಕೈ ಹತ್ತದ ಕೆಲಸ!" ಅವನು ನಕ್ಕು, ಹೌದ್ರಿ ಸರ್ ಎಂದ. ಅವರ ಬೆನ್ನ ಹಿಂದೆ ಮಾವಿನಕಾಯಿ ಇತ್ತು, ಎದುರಿಗೆ ತಾನಿದ್ದ, ಮತ್ತು ಯಾವುದೋ ಒಂದು ಚೂರು ಮುಳ್ಳು ಒಳಗೆ ಹೋದದ್ದು ಅವನಿಗೆ ಆಗಲೇ ತಿಳಿಯಿತು.

ಕೈ ಹತ್ತದ ಕೆಲಸ. ಬಸ್ಸು ಒಂದು ಗುಂಡಿಗೆ ಇಳಿದು ಏರಿತು. ಅವನು ಪೆಟ್ಟಿಗೆಯನ್ನು ತಬ್ಬಿಕೊಂಡ, ಗೋಣಿತಟ್ಟಿನ ವಾಸನೆ ಮೂಗಿಗೆ ಬಂತು, ಸುಣ್ಣದ ಕೊಡಕ್ಕೆ ಸುತ್ತುತ್ತಿದ್ದ ಗೋಣಿತಟ್ಟಿನ ವಾಸನೆಯೇ. ದಸರೆ ಹತ್ತಿರ ಬಂತೆಂದರೆ ಕಮಲಾಪುರದ ದೊಡ್ಡ ಮನೆಗಳ ಗೋಡೆಗಳಿಗೆಲ್ಲ ಸುಣ್ಣ ಬಳಿಯುತ್ತಿದ್ದವನು ಅವನ ಅಪ್ಪ ಮಾಪಣ್ಣ. ಏಣಿ ಅಪ್ಪನ ಹೆಗಲ ಮೇಲೆ, ಕುಂಚಗಳು ಭೀಮಶಾನ ಕೈಯಲ್ಲಿ, ಆಗ ಅವನಿನ್ನೂ ಸಾಲೆಯ ಮೊದಲ ವರ್ಷಗಳಲ್ಲಿದ್ದ. ಅಂಗಳದ ಗೋಡೆ, ಹಿತ್ತಲ ಗೋಡೆ, ಪಡಸಾಲೆಯ ಹೊರಗೋಡೆ, ಅಪ್ಪ ಬಳಿದದ್ದು ಮಲ್ಲಿಗೆಯ ಹಾಗೆ ಬೆಳ್ಳಗಾಗುತ್ತಿತ್ತು. ಆದರೆ ಕೊನೆಯ ಗೋಡೆಯ ಕೆಳಗೆ, ಬಲಮೂಲೆಯಲ್ಲಿ, ಅಂಗೈ ಅಗಲದ ಒಂದು ಜಾಗ ಬಿಡಬೇಕು. ಅದು ಪದ್ಧತಿ. ಅಪ್ಪ ಕುಂಚ ತೊಳೆದು, ಅಂಗಳಕ್ಕೆ ಇಳಿದು ನಿಂತು, "ಮನಿಯವರ ಕೈ ಉಳದದ ರೀ," ಎನ್ನುತ್ತಿದ್ದ. ಒಳಗಿಂದ ಗೌಡತಿ ತನ್ನದೇ ಬೇರೆ ಕುಂಚ, ತನ್ನದೇ ಬೇರೆ ಬಟ್ಟಲಿನ ಸುಣ್ಣ ತಂದು ಆ ಅಂಗೈ ಅಗಲದ ಜಾಗಕ್ಕೆ ಹಚ್ಚಿ, "ಮುಗೀತು," ಎನ್ನುತ್ತಿದ್ದಳು. ಅಷ್ಟಾದರೆ ಗೋಡೆ ಅವರದ್ದು. ಅಲ್ಲಿಯವರೆಗೆ ಅಪ್ಪನ ಕೈ ಹತ್ತಿದ್ದು ಲೆಕ್ಕಕ್ಕಿಲ್ಲ. ಮುಗೀತು ಎಂಬ ಆ ಮಾತನ್ನು ಅಪ್ಪ ಯಾವ ಗೋಡೆಯ ಮುಂದೆಯೂ ಆಡಿದ್ದನ್ನು ಅವನು ಕೇಳಿರಲಿಲ್ಲ. ಅದು ಮನೆಯವರ ಮಾತು.

ಒಂದು ಸಲ ಅಪ್ಪ ನೀರು ಕುಡಿಯಲು ಹೋದಾಗ, ಪಾಪ ಅಪ್ಪನಿಗೆ ಇಷ್ಟು ಜಾಗ ಮರೆತುಹೋಗಿದೆ ಎಂದುಕೊಂಡು ಭೀಮಶಾ ಕೊಡದಲ್ಲಿ ಕೈ ಅದ್ದಿ, ಆ ಜಾಗಕ್ಕೆ ಅಂಗೈಯಿಂದಲೇ ಸವರಿಬಿಟ್ಟ. ಎಷ್ಟು ಹೆಮ್ಮೆಯಾಗಿತ್ತು! ಅಪ್ಪ ಬರಲಿ, ನೋಡಲಿ, ಬೆನ್ನು ತಟ್ಟಲಿ ಎಂದು ಕೈ ಹಿಂದೆ ಕಟ್ಟಿ ನಿಂತಿದ್ದ. ಗೌಡತಿ ಬಂದು ನೋಡಿದಳು. ಬೈಯಲಿಲ್ಲ. ಮೆತ್ತಗಿನ ದನಿಯಲ್ಲಿ, "ಇನ್ನೊಮ್ಮಿ ಮಾಡಬೇಕಾಗ್ತದಲ್ಲೋ ಮಾಪಣ್ಣ," ಎಂದಳು, ಅಷ್ಟೇ. ಅಪ್ಪ ಆ ಇಡೀ ಗೋಡೆಯನ್ನು ಕೆರೆದು, ತೊಳೆದು, ಮತ್ತೆ ಮೊದಲಿನಿಂದ ಬಳಿದ, ಬಿಸಿಲಲ್ಲಿ, ಒಂದು ಮಾತೂ ಆಡದೆ, ಮತ್ತೆ ಅದೇ ಜಾಗ ಬಿಟ್ಟು. ಹೊಡೆದಿದ್ದರೆ ಚೆನ್ನಾಗಿತ್ತು. ಸುಣ್ಣ ಹತ್ತಿದ ಅಂಗೈ ಉರಿಯುತ್ತಿತ್ತು, ಭೀಮಶಾ ಅದನ್ನು ಚಡ್ಡಿಗೆ ಒರೆಸಿ ಒರೆಸಿ ಒರೆಸಿದ.

"ಕ್ಯಾ ಸೋಚ್ತಾ ರೇ?" ಎಂದು ಜಹೀರುದ್ದೀನ್ ಮೊಣಕೈಯಿಂದ ತಿವಿದ. "ಮಾರಿ ನೋಡಿದ್ರ ಮದಿವಿಗಿ ಹೊಂಟಾಂವನಂಗ ಕಾಣಸ್ತದ, ಇಲ್ಲಂದ್ರ ಮಣ್ಣಿಗಿ ಹೊಂಟಾಂವನಂಗ. ಒಂದ್ ಕಡಿ ಇರು." ಭೀಮಶಾ ನಕ್ಕುಬಿಟ್ಟ. ಏನೆಂದು ಹೇಳುವುದು? ಕೆಲಸ ಬೇಕು, ಕೈ ಬೇಡ ಎಂದವರು ಏನನ್ನು ಬಯಸಿದ್ದರೋ ಅದನ್ನೇ ನಾನು ಕಟ್ಟಿಬಿಟ್ಟೆನೇ ಎಂದು ಕೇಳುವುದೇ? ಈ ಪ್ರಶ್ನೆ ಬೆಳಗ್ಗೆ ಹಲ್ಲುಜ್ಜುವಾಗ ಬರುತ್ತಿತ್ತು, ಪೆಟ್ಟಿಗೆ ಒಮ್ಮೆ ಗುಂಯ್ ಎಂದು ಅಲುಗಿತೆಂದರೆ ಹಾರಿಹೋಗುತ್ತಿತ್ತು. ಅಲುಗುವುದನ್ನು ನೋಡಬೇಕು ನೀವು! ಒಂದು ದಾರ ಬಿಗಿಯಾಗಿ, ಇನ್ನೊಂದು ಸಡಿಲವಾಗಿ, ಕುಂಚ ಗೋಡೆಗೆ ಮೂತಿ ಇಟ್ಟು, ಹಿಂದೆ ಕಪ್ಪಗೆ ಹೊಳೆಯುವ ಗೆರೆ. ಆಗ ಅವನಿಗೆ ಇಡೀ ಜಗತ್ತೇ ಒಂದು ಖಾಲಿ ಗೋಡೆ ಎನ್ನಿಸುತ್ತಿತ್ತು. ಅವನಿಗೆ ಬೇಕಾದದ್ದು ಒಂದೇ. ಅಪ್ಪ ನೋಡಬೇಕು. ನೋಡಿ, ಅಂಗಳಕ್ಕೆ ಇಳಿದು ದೂರ ನಿಲ್ಲದೆ, ಇದು ನಮ್ಮದು ಎನ್ನುವಂಥ ಏನಾದರೂ ಒಂದು ಮಾತು ಆಡಬೇಕು. ಹೋದ ತಿಂಗಳು ಊರಿಗೆ ಹೋಗಿ ಯಂತ್ರದ ವಿಷಯ ಹೇಳಿದಾಗ ಅಪ್ಪ ಪೂರ್ತಿ ಕೇಳಿ, "ಮತ್ತ ಕೈ?" ಎಂದಿದ್ದ. "ಕೈ ಬ್ಯಾಡ ಯಪ್ಪಾ, ತಾನಾ ತೆಗಿತದ," ಎಂದರೆ, "ಹ್ಞೂಂ," ಎಂದು ಸುಣ್ಣದ ಹರಳು ನೆನೆಹಾಕಲು ಎದ್ದು ಹೋಗಿದ್ದ. ಆ ಹ್ಞೂಂ ಅನ್ನು ಭೀಮಶಾ ಅಂದಿನಿಂದ ಹೊರಳಿಸಿ ಹೊರಳಿಸಿ ನೋಡುತ್ತಲೇ ಇದ್ದ.

ಕಮಲಾಪುರದಲ್ಲಿ ಇಳಿದಾಗ ಬಿಸಿಲು ಏರಿತ್ತು. ಬಸ್‌ಸ್ಟ್ಯಾಂಡಿನ ಬಾಳೆಹಣ್ಣಿನವಳು ಕೆಂಪು ಬಾಳೆಯ ಗೊನೆಗಳಿಗೆ ನೀರು ಚಿಮುಕಿಸುತ್ತ, "ಏನದು, ಹಾರ್ಮೋನಿಯಾ?" ಎಂದು ಕೇಳಿದಳು. ಜಹೀರುದ್ದೀನ್ ಎದೆಯುಬ್ಬಿಸಿ, "ರೋಬೋಟ್ ಅದ," ಎಂದ. ಕೇರಿಗೆ ಹೋಗುವಷ್ಟರಲ್ಲಿ ಸುದ್ದಿ ಮುಂದೆ ಹೋಗಿ ಅಲ್ಲಿ ಜನ ಸೇರಿದ್ದರು. ಬಾಬಾಸಾಹೇಬರಿಗೆ ನೂರು ತುಂಬಿದ ವರ್ಷ ಮಂಜೂರಾದ ಸಮುದಾಯ ಭವನ ಕಟ್ಟಿ ಮುಗಿಯುವಷ್ಟರಲ್ಲಿ ಅವರಿಗೆ ನೂರೆರಡಾಗಿತ್ತು. ಇರಲಿ, ಕೊನೆಗೂ ಮುಗಿದಿತ್ತು. ನಾಳೆ ಜಯಂತಿ. ಮೆರವಣಿಗೆ ಊರು ಸುತ್ತಿ ಬಂದು ಈ ಗೋಡೆಯ ಮುಂದೆ ನಿಲ್ಲಬೇಕು, ಗೋಡೆಯ ತುಂಬ ಬಾಬಾಸಾಹೇಬರಿರಬೇಕು. ಅವನ ಸೋದರತ್ತೆ ಗುಂಡಮ್ಮ ಎಲ್ಲರಿಗಿಂತ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಗೋಣಿತಟ್ಟು ಬಿಚ್ಚಿದ ಕೂಡಲೇ ಅವಳ ಮುಖ ಇಳಿಯಿತು. "ಇದೇನು? ಕೈಯಿಲ್ಲ, ಕಾಲಿಲ್ಲ, ತಲಿಯಿಲ್ಲ! ನಾ ಮನಷ್ಯಾನಂಥಾದ್ದು ಬರತದ ಅಂತ ಮುಂಜಾನಿಂದ ತಲಿ ಹಿಕ್ಕೊಂಡು ಕುಂತೀನಿ." ಜನ ನಕ್ಕರು. ಭೀಮಶಾನೂ ನಕ್ಕ. ಅವಳು ನಗಲಿಲ್ಲ. "ನಿನ್ನ ಮಾತಿಗಿ ಪೇಂಟರಗ ಬರಬ್ಯಾಡ ಅಂತ ಹೇಳಿ ಕಳಿಸೀವಿ, ಭೀಮಶಾ. ನಾಳಿಗಿ ಗ್ವಾಡಿ ಬರೀದೇ ಉಳೀತಂದ್ರ ಊರ ಮಂದಿ ಏನಂತಾರ? ಇವರಿಗಿ ಇದೂ ಆಗ್ಲಿಲ್ಲ ಅಂತಾರ. ಗೊತ್ತದ ಇಲ್ಲೋ?"

ಗೊತ್ತಿತ್ತು. ಆದರೆ ಆಗ ಅವನ ಕಣ್ಣು ಗೋಡೆಯ ಮೇಲಿತ್ತು. ಅಪ್ಪ ಬೇರೆ ಯಾರಿಗೂ ಕುಂಚ ಮುಟ್ಟಲು ಬಿಡದೆ, ಮಂಡಿನೋವನ್ನೂ ಲೆಕ್ಕಿಸದೆ ಏಣಿ ಹತ್ತಿ, ಒಬ್ಬನೇ ಸುಣ್ಣ ಬಳಿದಿದ್ದ. ಚಿಟಿಕೆ ನೀಲಿ ಬೆರೆಸಿದ ಆ ಬಿಳಿ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಇಷ್ಟು ದೊಡ್ಡ, ಇಷ್ಟು ಬೆಳ್ಳನೆಯ, ಇಷ್ಟು ಬರಿದಾದ ಗೋಡೆಯನ್ನು ಭೀಮಶಾ ಹುಟ್ಟಿದ ಮೇಲೆ ನೋಡಿರಲಿಲ್ಲ. ಇದು ನಮ್ಮದೇ ಗೋಡೆ ಎಂದು ಒಮ್ಮೆಲೇ ನೆನಪಾಯಿತು. ಅಪ್ಪ ಎಲ್ಲಿ? ಬೇವಿನ ಗಿಡದ ಕೆಳಗೆ, ಜನರಿಂದ ಸ್ವಲ್ಪ ಆಚೆ, ಕುಂಚ ತೊಳೆದು ಒಣಗಲು ಇಟ್ಟು ಕುಕ್ಕರಗಾಲಲ್ಲಿ ಕೂತಿದ್ದ. ದೊಡ್ಡ ಮನೆಗಳ ಅಂಗಳದಲ್ಲಿ ಕಾಯುತ್ತ ಕೂರುತ್ತಿದ್ದ ರೀತಿಯೇ. ಕಣ್ಣು ಕೂಡಿದಾಗ ಅಪ್ಪ ತಲೆಯಾಡಿಸಿದ, ಬಂದಿಯಾ ಎನ್ನುವಂತೆ.

ಮೋಟಾರು ಕೂರಿಸಿ, ದಾರ ಇಳಿಬಿಟ್ಟು, ಎಡಮೂಲೆಯಲ್ಲಿ ಡಾಂಬರಿನ ಗುರುತು ಬಳಿದು, ಪೆಟ್ಟಿಗೆ ತೂಗುಹಾಕಿ, ಭೀಮಶಾ ಗುಂಡಿ ಒತ್ತಿದ. ಗುಂಯ್ ಎಂದಿತು. ಜನರ ಬಾಯಿಂದ ಒಟ್ಟಿಗೇ ಒಂದು ಉಸಿರು ಹೊರಬಿತ್ತು. ಪೆಟ್ಟಿಗೆ ಯಾರೂ ಮುಟ್ಟದೆ, ಯಾರೂ ಎಳೆಯದೆ, ತಾನೇ ಬಲಗಡೆಗೆ ಇಳಿಯತೊಡಗಿತು. ಗುಂಡಮ್ಮ ಸೊಂಟದ ಮೇಲಿನ ಕೈ ತೆಗೆದು ಗಲ್ಲದ ಮೇಲಿಟ್ಟಳು. "ನೋಡ್ರಿ ನೋಡ್ರಿ, ಹೊಂಟದ!" ಭೀಮಶಾ ಮನಸ್ಸಿನಲ್ಲೇ ಎಣಿಸುತ್ತಿದ್ದ. ಈಗ ಎಡಕ್ಕೆ ಸರಿಯುತ್ತದೆ, ಗುರುತು ಹುಡುಕುತ್ತದೆ, ಆಮೇಲೆ ಮೇಲೆ, ಮೊದಲ ಗೆರೆ ಹಣೆಯದ್ದು. ಆದರೆ ಪೆಟ್ಟಿಗೆ ಬಲಮೂಲೆಯಿಂದ ಒಂದು ಗೇಣು ಸರಿಯುವಷ್ಟರಲ್ಲೇ ನಿಂತಿತು. ಕೆಂಪು ದೀಪ ಹತ್ತಿತು. ಹತ್ತಬಾರದಾಗಿತ್ತು. ಇದೇ ನನ್ನ ಎಡಮೂಲೆ ಎಂದುಕೊಂಡ ಪೆಟ್ಟಿಗೆ ಇನ್ನೂ ಬಲಕ್ಕೆ, ಗೋಡೆಯೇ ಇಲ್ಲದ ಕಡೆಗೆ ನುಗ್ಗಿ, ಪಕ್ಕದ ಕಂಬಕ್ಕೆ ಠಪ್ಪೆಂದು ಬಡಿದು ಸುಮ್ಮನಾಯಿತು.

ಮತ್ತೆ ಮಾಡಿದ. ಮತ್ತೆ ಅದೇ. ಮೂರನೆಯ ಸಲ ಕಂಬಕ್ಕೆ ಬಡಿದಾಗ ಹಿಂದಿನಿಂದ ಯಾರೋ, "ಊರ ಬಿಟ್ಟು ಓಡಾಕತ್ತದ ಅದು," ಎಂದರು, ನಗು ಎದ್ದಿತು. ಕೆಟ್ಟ ನಗುವಲ್ಲ, ಹಬ್ಬದ ಹಿಂದಿನ ದಿನದ ನಗು. ಆದರೂ ಈ ಸಲ ಭೀಮಶಾ ಜೊತೆಗೆ ನಗಲಿಲ್ಲ. ಮೋಟಾರಿನ ತಂತಿ ಅದಲುಬದಲಾಗಿದೆಯೇ? ಇಲ್ಲ. ಬಿಸಿಲಿಗೆ ಚಿಪ್ಪು ಕೆಟ್ಟಿತೇ? ಬಸ್ಸಿನ ಕುಣಿತಕ್ಕೆ ಕಣ್ಣು ಸಡಿಲವಾಯಿತೇ? ಜಹೀರುದ್ದೀನ್ ಏಣಿಯ ಮೇಲಿಂದ, "ಮೋಟಾರ್ ಬರೋಬ್ಬರ್ ಅದಾವ, ನನ್ನ ಮ್ಯಾಲ ಹಾಕಬ್ಯಾಡ," ಎಂದು ಕೂಗಿದ. ಭೀಮಶಾ ಸ್ಕ್ರೂ ಬಿಚ್ಚಿದ, ಹಾಕಿದ, ಬಿಚ್ಚಿದ. ಅಣವೀರಪ್ಪನವರ ಮುಖ, ಮಾಳಿಗೆಯ ಹೆಂಗಸಿನ ಮುಖ, ಮೆತ್ತಗಿನ ದನಿಯ ಗೌಡತಿ, ಎಲ್ಲರೂ ಈ ಕೇರಿಗೆ ಬಂದು ಗುಂಪಿನಲ್ಲಿ ನಿಂತಿದ್ದಾರೆ ಎನ್ನಿಸಿತು. ಎಲ್ಲ ಕಡೆ ನೋಡಿದ, ಬೇವಿನ ಗಿಡದ ಕಡೆ ಮಾತ್ರ ನೋಡಲಿಲ್ಲ. ಅಪ್ಪ ಅಲ್ಲಿ ಎದ್ದು ನಿಂತಿದ್ದಾನೆಂದು ನೋಡದೆಯೂ ಗೊತ್ತಾಗುತ್ತಿತ್ತು. ಗುಂಡಮ್ಮ ಹತ್ತಿರ ಬಂದು, ಬೈಯದೆ, ದನಿ ತಗ್ಗಿಸಿ, "ಪೇಂಟರಗ ಮಂದಿ ಕಳಸಲೇನು ತಮ್ಮಾ? ಈಗ ಹೋದ್ರ ಸಂಜೀಕ ಬರ್ತಾನ," ಎಂದಳು. ಅವಳ ಕರುಣೆಯೇ ಅವನನ್ನು ಕುಗ್ಗಿಸಿತು. "ತಡಿ ಅತ್ತಿ," ಎಂದು ಅವನು ನೆಲದ ಮೇಲೆ ಕೂತುಬಿಟ್ಟ.

ಕೂತಾಗ ಕಂಡಿತು. ನಿಂತು ನೋಡಿದರೆ ಪಕ್ಕದ ಕಟ್ಟೆಯ ನೆರಳಿನಲ್ಲಿ ಮರೆಯಾಗಿದ್ದ ಬಲಮೂಲೆಯಲ್ಲಿ, ಪೆಟ್ಟಿಗೆ ಮೂರು ಸಲವೂ ನಿಂತ ಜಾಗದಲ್ಲಿ, ಸುಣ್ಣ ಹತ್ತದೆ ಸಿಮೆಂಟಿನ ಬೂದುಬಣ್ಣದಲ್ಲೇ ಉಳಿದ ಒಂದು ಚೂರು ಗೋಡೆ. ಅಂಗೈ ಅಗಲ. ಅಚ್ಚುಕಟ್ಟಾಗಿ, ಅಂಚು ಹಿಡಿದು, ಬಿಟ್ಟ ಜಾಗ. ಯಂತ್ರ ಹಾಳಾಗಿರಲಿಲ್ಲ. ಅದರ ಕಡಲೆಕಾಳಿನ ಕಣ್ಣು ಬಿಳಿಯಲ್ಲದ್ದನ್ನು ಕಂಡು, ಹೇಳಿಕೊಟ್ಟ ಹಾಗೆಯೇ ನಿಂತಿತ್ತು. ಭೀಮಶಾನಿಗೆ ಮೊದಲು ಬಂದದ್ದು ಸಂತೋಷ. ಕೆಟ್ಟಿಲ್ಲ! ನನ್ನದು ಕೆಟ್ಟಿಲ್ಲ! ಎಂದು ಕೂಗಬೇಕೆನಿಸಿತು. ಆಮೇಲೆ ಆ ಸಂತೋಷದ ಹಿಂದೆಯೇ ಇನ್ನೊಂದು ಬಂದು ಬಾಯಿ ಮುಚ್ಚಿಸಿತು.

"ಯಪ್ಪಾ, ಇಲ್ಲಿ ಬಾ."

ಮಾಪಣ್ಣ ಬಂದ. ಮಗ ತೋರಿಸಿದ ಕಡೆ ಬಗ್ಗಿ ನೋಡಿದ. ಅವನ ಮುಖದಲ್ಲಿ ಯಾವ ಆಶ್ಚರ್ಯವೂ ಇರಲಿಲ್ಲ, ಕೆಲಸ ಸರಿಯಾಗಿ ಮಾಡಿದವನ ಸಮಾಧಾನವೇ ಇತ್ತು. "ಯಾಕ, ಏನಾಗ್ಯಾದ?"

"ಇಷ್ಟು ಯಾಕ ಬಿಟ್ಟೀದಿ?"

"ಮನಿಯವರು ಹಚ್ಚಬೇಕಲ್ಲಪಾ."

"ಯಾವ ಮನಿಯವರು?"

ಮಾಪಣ್ಣ ಭವನದ ಬಾಗಿಲ ಕಡೆ ತಿರುಗಿದ. ನಿಜವಾಗಿಯೂ ತಿರುಗಿದ, ಒಳಗಿಂದ ಯಾರೋ ಬಟ್ಟಲು ಹಿಡಿದು ಬರಬೇಕಿತ್ತು, ತಡವಾಗಿದೆ ಎನ್ನುವ ಹಾಗೆ. ಬಾಗಿಲು ತೆರೆದಿತ್ತು. ಒಳಗೆ ನಾಳೆಗೆ ತಂದಿಟ್ಟ ನೀಲಿ ಬಾವುಟಗಳು, ಒಂದು ಜಮಖಾನೆ, ಇನ್ನೇನೂ ಇರಲಿಲ್ಲ. ಅವನು ಗುಂಡಮ್ಮನನ್ನು ನೋಡಿದ, ಸುತ್ತ ನಿಂತ ಜನರನ್ನು ನೋಡಿದ, ಮತ್ತೆ ಆ ಚೂರು ಜಾಗವನ್ನು ನೋಡಿದ. ಸುತ್ತ ನಿಂತವರಲ್ಲಿ ವಯಸ್ಸಾದವರಿಗೆ ಅದು ಏನೆಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಜಹೀರುದ್ದೀನ್ ಮಾತ್ರ ಏಣಿಯ ಮೇಲಿಂದ, ಏನಾಯ್ತು ಎಂದು ಕಣ್ಣಲ್ಲೇ ಕೇಳುತ್ತಿದ್ದ. "ಕೈ ತಾನಾ ಬಿಟ್ಟದ ನೋಡು," ಎಂದ ಮಾಪಣ್ಣ ಕೊನೆಗೆ, ತನ್ನ ಕೈಯನ್ನೇ ಬೇರೆ ಯಾರದ್ದೋ ಎಂಬಂತೆ ನೋಡಿಕೊಳ್ಳುತ್ತ. "ನನಗ ಖಬರೇ ಇಲ್ಲ."

ಭೀಮಶಾನಿಗೆ ಅಳು ಬಂತು, ಜೊತೆಗೇ ತಡೆಯಲಾರದ ಹುರುಪೂ ಬಂತು; ಎರಡೂ ಒಂದೇ ಬಾಗಿಲಿನಿಂದ ನುಗ್ಗಿದವು. ಕೈ ಬೇಡದ ಯಂತ್ರ ಎಂದುಕೊಂಡು ಇಷ್ಟು ದಿನ ಒಳಗೊಳಗೇ ಬೆಂದಿದ್ದನಲ್ಲ, ಈ ಮಹರಾಯ ಯಂತ್ರ ಕೇರಿಯವರ ಮುಂದೆ ಮೂರು ಸಲ ಅದೇ ಜಾಗಕ್ಕೆ ಹೋಗಿ ಮೂತಿ ಇಟ್ಟು ನಿಂತು, ಮನೆಯವರ ಕೈ ಬಾರದೆ ನಾನು ಮುಂದೆ ಹೋಗುವುದಿಲ್ಲ ಎಂದು ಕೂತಿತ್ತು. ಎದ್ದು ಹೋಗಿ ಸುಣ್ಣದ ಕೊಡ ತಂದು ಅಪ್ಪನ ಕಾಲ ಹತ್ತಿರ ಇಟ್ಟ. "ಹಚ್ಚು."

"ನಾನಾ?"

"ಮತ್ಯಾರು? ಅದು ನಿನಗೇ ಕಾದು ಕುಂತದ."

"ಗುಂಡಮ್ಮ ಹಚ್ಚಲಿ. ಮನಿ ಹೆಣಮಗಳು," ಎಂದ ಮಾಪಣ್ಣ. "ನಾ ಒಲ್ಲೆ," ಎಂದಳು ಗುಂಡಮ್ಮ ತಟ್ಟನೆ. "ನಲವತ್ತು ವರ್ಷ ಊರ ಮಂದೀದು ಬಿಟ್ಟು ಬಿಟ್ಟು ಬಂದೀದಿ, ನಿಂದು ನೀನಾ ಹಚ್ಚಣ್ಣಾ." ಅವಳ ದನಿ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು, "ಲಗೂನ, ಬಿಸಲಾಗ ನಿಂತೀವಿ," ಎಂದು ಗದರಿದಳು.

ಮಾಪಣ್ಣ ಕೂತ. ಒಣಗಿಸಿಟ್ಟ ಕುಂಚ ತರಿಸಿಕೊಂಡ, ಅದ್ದಿದ, ಗೋಡೆಯ ಹತ್ತಿರ ಒಯ್ದು ನಿಲ್ಲಿಸಿದ. ಸಾವಿರ ಗೋಡೆ ಬಳಿದ ಕೈ, ಈ ಅಂಗೈ ಅಗಲದ ಜಾಗದ ಮುಂದೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಆಚೀಚೆ ಸರಿಯಿತು. ಈ ಕೊನೆಯ ಕೆಲಸ ಅವನು ಯಾವತ್ತೂ ಮಾಡಿಯೇ ಇರಲಿಲ್ಲ, ದೂರ ನಿಂತು ನೋಡಿದ್ದ ಅಷ್ಟೇ. ಕುಂಚ ಕೆಳಗಿಟ್ಟು, ಕೊಡದಲ್ಲಿ ಬಲಗೈ ಅದ್ದಿ, ಅಂಗೈಯಿಂದ ಸವರಿದ. ಒಮ್ಮೆ ಮೇಲಿಂದ ಕೆಳಗೆ, ಇನ್ನೊಮ್ಮೆ ಅಡ್ಡ. ಭೀಮಶಾ ತನ್ನ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದೇನೆಂದು ಆಮೇಲೆ ಗಮನಿಸಿ ನಿಲ್ಲಿಸಿದ.

"ಒತ್ತು ಗುಂಡಿ!" ಎಂದು ಜಹೀರುದ್ದೀನ್ ಕೂಗಿದ. "ಇಲ್ಲ, ಹಸಿ ಅದ," ಎಂದು ಅಪ್ಪ ಮಗ ಇಬ್ಬರೂ ಒಟ್ಟಿಗೇ ಹೇಳಿದರು. ಸುಣ್ಣದವರ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು, ಹಸಿ ಸುಣ್ಣ ಬೆಳ್ಳಗಿರುವುದಿಲ್ಲ. ಹಚ್ಚಿದಾಗ ಕೆಳಗಿನ ಬಣ್ಣ ಹಾಗೆಯೇ ಕಾಣುತ್ತದೆ, ಒಣಗಿದ ಮೇಲೆ ಬಿಳಿ ಏಳುತ್ತದೆ. ಹಾಗಾಗಿ ಕೇರಿಯ ಜನರೆಲ್ಲ, ಮುದುಕರು, ಎಮ್ಮೆ ಹೊಡೆದುಕೊಂಡು ಹೊರಟಿದ್ದವರು, ಒಲೆಯ ಮೇಲೆ ಬೇಳೆ ಇಟ್ಟು ಬಂದ ಹೆಂಗಸರು, ಅಂಗೈ ಅಗಲದ ಒಂದು ಗೋಡೆ ಒಣಗುವುದನ್ನು ನೋಡುತ್ತ ನಿಂತರು. ಗುಂಡಮ್ಮ ಬಗ್ಗಿ ಸೆರಗಿನಿಂದ ಗಾಳಿ ಹಾಕತೊಡಗಿದಳು. "ಊದಬ್ಯಾಡ್ರಿ, ಎಂಜಲಾ ಬೀಳ್ತದ," ಎಂದು ಬಗ್ಗಿದವರನ್ನೆಲ್ಲ ಹಿಂದೆ ತಳ್ಳಿದಳು. ಚೈತ್ರದ ಬಿಸಿಲು ಇಂಥ ಒಳ್ಳೆಯ ಕೆಲಸ ಅದಕ್ಕೆ ಮೊದಲು ಮಾಡಿರಲಿಕ್ಕಿಲ್ಲ. ಮೊದಲು ಅಂಚು ಬೆಳ್ಳಗಾಯಿತು. "ಎದ್ದದ, ಎದ್ದದ, ಬಿಳುಪು ಎದ್ದದ!" ಎಂದು ಯಾರೋ ಕೂಗಿದರು. ಬಿಳುಪು ಅಂಚಿನಿಂದ ಒಳಗೆ ಸರಿಯಿತು, ಐದು ಬೆರಳ ಗೆರೆಗಳು ಒಂದೊಂದಾಗಿ ತಿಳಿಯಾದವು, ಕೊನೆಗೆ ನಡುವಿನ ಒಂದು ಚುಕ್ಕೆ ಹಸಿ ಉಳಿದು, ಅದೂ ಹೋಯಿತು.

ಭೀಮಶಾ ಗುಂಡಿಯ ಮೇಲೆ ಬೆರಳಿಟ್ಟು ಅಪ್ಪನ ಕಡೆ ನೋಡಿದ. ಎದ್ದು ಅಂಗಳಕ್ಕೆ ಇಳಿದು ದೂರ ನಿಲ್ಲುತ್ತಾನೆ ಎಂದುಕೊಂಡಿದ್ದ. ಮಾಪಣ್ಣ ಏಳಲಿಲ್ಲ. ಗೋಡೆಯ ಬುಡದಲ್ಲೇ ಕೂತು, ಸುಣ್ಣ ಒಣಗಿ ಬಿಗಿದ ಅಂಗೈಯನ್ನು ಮಡಿಲಲ್ಲಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡ.

"ಮುಗೀತು," ಎಂದ.

ದನಿ ಜೋರಾಗಿರಲಿಲ್ಲ. ಆ ಮಾತು ಸರಿಯಾಗಿ ಬಂತೋ ಇಲ್ಲವೋ ಎಂದು ಅನುಮಾನವಾದಂತೆ ಇನ್ನೊಮ್ಮೆ, ಈ ಸಲ ತಲೆಯೆತ್ತಿ ಎಲ್ಲರನ್ನೂ ನೋಡುತ್ತ ಅಂದ: "ಮುಗೀತು ನೋಡ್ರಿ." ಭೀಮಶಾ ಗುಂಡಿ ಒತ್ತುವುದನ್ನೇ ಮರೆತ. ಜಹೀರುದ್ದೀನ್ ಏಣಿಯಿಂದ ಇಳಿದು ಬಂದು ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದ. ಪೆಟ್ಟಿಗೆ ಗುಂಯ್ ಎಂದು ಬಲಮೂಲೆಗೆ ಇಳಿದು, ಮಾಪಣ್ಣನ ತಲೆಯ ಪಕ್ಕದಲ್ಲೇ ಎಡಕ್ಕೆ ಸರಿಯಿತು. ಅಂಗೈ ಗುರುತಿನ ಮೇಲೆ ಬಂತು. ಅದು ಅಲ್ಲಿ ನಿಲ್ಲದೆ ಹಾದುಹೋಯಿತು.